ಸೆಕೆಂಡ್ ಹ್ಯಾಂಡ್ ಡೀಸೆಲ್ ಕಾರು ಏರಲ್ಲಿ ಎಳೀತಿಲ್ಲ: ಟರ್ಬೋ ಬದಲಾಯಿಸ್ಲಾ, ಇಂಜೆಕ್ಟರ್ ಬದಲಾಯಿಸ್ಲಾ, ಇಲ್ಲ ಮಾರ್ಬಿಡ್ಲಾ?

ಮೂರೂ ಬೇಡ. (ಟರ್ಬೋ ಅಂದ್ರೆ ಇಂಜಿನ್ನಿಗೆ ಗಾಳೀನ ಒತ್ತಿ ತುಂಬೋ ಫ್ಯಾನು, ಇಂಜೆಕ್ಟರ್ ಅಂದ್ರೆ ಇಂಜಿನ್ ಒಳಗೆ ಡೀಸೆಲ್ ಚಿಮ್ಮಿಸೋ ನಳಿಗೆ.) ದಯವಿಟ್ಟು ಯಾರಿಗೂ ಅಡ್ವಾನ್ಸ್ ಕೊಡ್ಬೇಡಿ ಇನ್ನೂ. ತಗೊಂಡು ಎರಡು ತಿಂಗಳಾಗಿದೆ, 90,000 ಓಡಿದೆ, ಸಿಟೀಲಿ ಚೆನ್ನಾಗೇ ಇದೆ, ಏರು ಬಂದ್ರೆ ಪಿಕಪ್ ಸತ್ತೋಗತ್ತೆ, ಸೈಡಿಗೆ ಹಾಕಿ ಆಫ್ ಮಾಡಿ ಆನ್ ಮಾಡಿದ್ರೆ ಸ್ವಲ್ಪ ಹೊತ್ತು ಸರಿ ಹೋಗತ್ತೆ ಅಂತ ಬರ್ದಿದೀರಲ್ಲ, ಅದನ್ನ ಓದ್ತಾ ಇದ್ದಂಗೆ ನಂಗೆ ನನ್ನ ಗಾಡಿನೇ ಕಣ್ಣ ಮುಂದೆ ಬಂತು.

ನಂದು 2014ರ ಮಾಡೆಲ್ಲು, 1.3 ಲೀಟರ್ ಟರ್ಬೋ ಡೀಸೆಲ್, 2019ರಲ್ಲಿ ತಗೊಂಡಿದ್ದೆ. ಅಮ್ಮನ್ನ ಧರ್ಮಸ್ಥಳಕ್ಕೆ ಕರ್ಕೊಂಡು ಹೋಗಿ ವಾಪಸ್ ಬರ್ತಿದ್ವಿ, ಗುಂಡ್ಯ ದಾಟಿ ಶಿರಾಡಿ ಹತ್ತೋಕೆ ಶುರು ಮಾಡಿದ ಸ್ವಲ್ಪ ಹೊತ್ತಿಗೇ ಗಾಡಿ ಇದ್ದಕ್ಕಿದ್ದಂಗೆ ಭಾರ ಆಯ್ತು. ಮೂರನೇ ಗೇರು, ಆಕ್ಸಿಲರೇಟರ್ ಪೂರ್ತಿ ತುಳ್ದಿದೀನಿ, ಆರ್‌ಪಿಎಂ 2,000 ದಾಟ್ತಿಲ್ಲ, ಕನ್ನಡೀಲಿ ನೋಡಿದ್ರೆ ಹಿಂದೆಲ್ಲ ಕರೀ ಹೊಗೆ, ಆ ಹೊಗೆ ಒಳಗಿಂದ ಒಂದು ಗ್ಯಾಸ್ ಟ್ಯಾಂಕರ್ ಹಾರ್ನ್ ಹೊಡೀತಾ ಮೈಮೇಲೇ ಬರ್ತಿದೆ. ಅಮ್ಮ ಪ್ರಸಾದದ ಚೀಲ ಎದೆಗೆ ಅವುಚ್ಕೊಂಡು ಕೂತ್ಬಿಟ್ಟಿದ್ರು. ಎರಡನೇ ಗೇರಲ್ಲಿ ತೆವಳ್ಕೊಂಡು ಮಾರನಹಳ್ಳಿ ಮುಟ್ಟಿಸಿದ್ದೆ.

ಊರಿಗೆ ಬಂದು ದೊಡ್ಡದೊಂದು ಗ್ಯಾರೇಜಿಗೆ ಹಾಕ್ದೆ. ಮೊದ್ಲು ಡೀಸೆಲ್ ಫಿಲ್ಟರ್, ಇಂಜೆಕ್ಟರ್ ಕ್ಲೀನಿಂಗ್ ಅಂತ 6,500 ಆಯ್ತು, ಏನೂ ಬದಲಾಗ್ಲಿಲ್ಲ. ಆಮೇಲೆ ಗಾಡಿಯ ಕಂಪ್ಯೂಟರಲ್ಲಿರೋ ದೋಷದ ಕೋಡ್ ಓದೋ ಸ್ಕ್ಯಾನರ್ ಹಾಕಿದ್ರು. ಪಿ0299 ಅಂತ ಕೋಡ್ ಬಂತು, ಟರ್ಬೋ ಅಂಡರ್‌ಬೂಸ್ಟ್. ‘ನೋಡಿ ಸಾರ್, ಕಂಪ್ಯೂಟರೇ ಹೇಳ್ತಿದೆ, ಟರ್ಬೋ ಹೋಗಿದೆ’ ಅಂದ್ರು. ನಾನು ಹೂಂ ಅಂದೆ. 31,000 ರೂಪಾಯಿ.

ನಾನು ಮಾಡಿದ ತಪ್ಪು ಇದೇ, ಇದನ್ನ ಬಿಡಿಸಿ ಹೇಳ್ದೇ ಮುಂದೆ ಹೋಗಲ್ಲ. ಆ ಕೋಡು ‘ಟರ್ಬೋ ಕೆಟ್ಟಿದೆ’ ಅಂತ ಹೇಳೋದೇ ಇಲ್ಲ. ‘ಇಂಜಿನ್ನಿಗೆ ಬರಬೇಕಾದಷ್ಟು ಒತ್ತಡದ ಗಾಳಿ ಬಂದಿಲ್ಲ’ ಅಂತ ಅಷ್ಟೇ ಹೇಳೋದು. ಯಾಕೆ ಬಂದಿಲ್ಲ ಅಂತ ಅದಕ್ಕೆ ಗೊತ್ತಿಲ್ಲ. ಮನೇಲಿ ನಲ್ಲಿ ಸಣ್ಣಗೆ ಬಂದ್ರೆ ನಾವು ನೇರವಾಗಿ ಬೋರ್‌ವೆಲ್ ಮೋಟರ್ ಎತ್ತಿಸ್ತೀವಾ? ಪೈಪ್ ಎಲ್ಲಿ ಒಡ್ದಿದೆ, ವಾಲ್ವ್ ಯಾರಾದ್ರೂ ತಿರುಗಿಸಿದಾರಾ ಅಂತ ನೋಡ್ತೀವಿ ತಾನೇ? ಇಲ್ಲೂ ಅಷ್ಟೇ. ಏರ್ ಫಿಲ್ಟರಿಂದ ಗಾಳಿ ಟರ್ಬೋಗೆ ಹೋಗತ್ತೆ, ಅಲ್ಲಿಂದ ಒಂದು ರಬ್ಬರ್ ಪೈಪಲ್ಲಿ ಗಾಳಿನ ತಣ್ಣಗೆ ಮಾಡೋ ಇಂಟರ್‌ಕೂಲರಿಗೆ, ಅಲ್ಲಿಂದ ಇನ್ನೊಂದು ಪೈಪಲ್ಲಿ ಇಂಜಿನ್ನಿಗೆ. ಒತ್ತಡ ಅಳೆಯೋ ಸೆನ್ಸರ್ ಇರೋದು ಈ ದಾರಿಯ ಕೊನೇ ಕಡೆ. ಮಧ್ಯ ಎಲ್ಲಿ ಸೋರಿದ್ರೂ ಅದೇ ಕೋಡು. ಒಳಗೆ ಬಂದ ಗಾಳಿನ ಲೆಕ್ಕ ಹಾಕೋ ಇನ್ನೊಂದು ಸೆನ್ಸರ್ ಫಿಲ್ಟರ್ ಪಕ್ಕ ಕೂತಿರತ್ತೆ, ಅದು ‘ಇಷ್ಟು ಬಂತು’ ಅಂತ ಹೇಳತ್ತೆ, ಇಸಿಯು, ಅಂದ್ರೆ ಇಂಜಿನ್ ನಡೆಸೋ ಕಂಪ್ಯೂಟರ್, ಅಷ್ಟಕ್ಕೆ ಡೀಸೆಲ್ ಹೊಡಿಯತ್ತೆ, ಆದ್ರೆ ಗಾಳಿ ದಾರೀಲೇ ಸೋರಿ ಹೋಗಿರತ್ತೆ. ಉಳಿದ ಡೀಸೆಲ್ ಪೂರ್ತಿ ಉರಿಯದೇ ಕರೀ ಹೊಗೆ ಆಗಿ ಹೋಗತ್ತೆ. ಒತ್ತಡ ಕಮ್ಮಿ ಅಂತ ಗೊತ್ತಾದ ತಕ್ಷಣ ಇಸಿಯು ತಾನೇ ಪವರ್ ಕಟ್ ಮಾಡಿ ಇಂಜಿನ್ ಕಾಪಾಡತ್ತೆ, ಆಫ್ ಮಾಡಿ ಆನ್ ಮಾಡಿದ್ರೆ ಮತ್ತೆ ಒಂದು ಚಾನ್ಸ್ ಕೊಡತ್ತೆ. ನಿಮ್ಮ ಗಾಡೀಲಿ ಆಗ್ತಿರೋದೂ ಹೀಗೇ ಕಾಣತ್ತೆ.

ಹೊಸ ಟರ್ಬೋ ಹಾಕ್ಸಿ ಸಿಟೀಲಿ ಹತ್ತು ದಿನ ಓಡಿಸ್ದೆ, ಸೂಪರ್ ಅನ್ನಿಸ್ತು. ಸಿಟೀಲಿ ಮೊದ್ಲೂ ಚೆನ್ನಾಗೇ ಇತ್ತು ಅನ್ನೋದು ಆಗ ತಲೆಗೆ ಹೊಳೀಲಿಲ್ಲ. ಮತ್ತೆ ಶಿರಾಡಿ ಹತ್ತಿದಾಗ ಅದೇ ಏರು, ಅದೇ ಹೊಗೆ.

ಕೊನೆಗೆ ಸರಿ ಮಾಡಿದ್ದು ಹಾಸನದ ಬಿ.ಎಂ. ರೋಡಲ್ಲಿ ಲಾರಿ ರಿಪೇರಿ ಮಾಡೋ ಒಬ್ಬ ಹಿರಿಯ ಮೆಕ್ಯಾನಿಕ್ಕು. ಸ್ಕ್ಯಾನರ್ ಮುಟ್ಲೇ ಇಲ್ಲ ಅವ್ರು. ಟಾರ್ಚ್ ಹಿಡ್ದು ಬಂಪರ್ ಹಿಂದಿನ ಪೈಪ್ ನೋಡಿದ್ರು, ಕೆಳಗಿನ ಬೆಂಡಿನ ಹತ್ರ ಒಂದಿಷ್ಟು ಜಾಗ ಕಪ್ಪಗೆ, ಎಣ್ಣೆ ಜಿನುಗಿ ಮೇಲೆ ಧೂಳು ಕೂತಿತ್ತು. ‘ಎಣ್ಣೆ ಬರ್ತಿದೆ ಅಂದ್ರೆ ಗಾಳೀನೂ ಅಲ್ಲೇ ಹೋಗ್ತಿದೆ ಸಾರ್’ ಅಂದ್ರು. ಬನಿಯನ್ ವೇಸ್ಟಲ್ಲಿ ಒರೆಸಿದ್ರೆ ಏನೂ ಕಾಣ್ಲಿಲ್ಲ, ಪೈಪ್ ಗಟ್ಟಿಯಾಗೇ ಇತ್ತು. ಆಮೇಲೆ ಒಂದು ಪಿವಿಸಿ ಪೈಪಿನ ಮುಚ್ಚಳಕ್ಕೆ ಟೈರಿನ ವಾಲ್ವ್ ಸಿಕ್ಕಿಸಿ ತಾವೇ ಮಾಡಿಟ್ಕೊಂಡಿದ್ದ ಬಿರಡೆ ತಂದು ಫಿಲ್ಟರ್ ಕಡೆ ಬಾಯಿಗೆ ಬಿಗಿದು ಕಂಪ್ರೆಸರಿಂದ ಗಾಳಿ ಬಿಟ್ರು, ಪೈಪ್ ಮೇಲೆಲ್ಲ ಸೋಪಿನ ನೀರು ಸುರಿದ್ರು. ಒತ್ತಡ 5 ಪಿಎಸ್‌ಐ ಆಗೋ ತನಕ ಏನಿಲ್ಲ. 12ರ ಹತ್ರ ಬರ್ತಿದ್ದಂಗೆ ಕ್ಲಾಂಪಿನ ಕೆಳಗೆ ಒಂದು ಸೀಳು ತುಟಿ ಬಿಟ್ಟಂಗೆ ಬಾಯಿ ಬಿಡ್ತು, ಬುಳುಬುಳು ನೊರೆ. ಗಾಳಿ ನಿಲ್ಲಿಸಿದ್ರೆ ಮುಚ್ಕೊಂಡ್ಬಿಡೋದು. ಅದಕ್ಕೇ ಗ್ಯಾರೇಜಲ್ಲಿ ನಿಲ್ಲಿಸ್ಕೊಂಡು ಎಷ್ಟು ರೇಸ್ ಮಾಡಿದ್ರೂ ಸಿಕ್ಕಿರ್ಲಿಲ್ಲ. ಪೈಪಿಗೆ 1,850, ಕೂಲಿ 300. ಆ ಹಳೇ ಟರ್ಬೋ ಸರಿ ಇತ್ತೋ ಇಲ್ವೋ ಅಂತ ಯಾರೂ ನೋಡಿರ್ಲಿಲ್ಲ, ನಾನೂ ಬಿಚ್ಚಿ ತೋರ್ಸಿ ಅಂತ ಕೇಳಿರ್ಲಿಲ್ಲ.

ಹಾಗಾಗಿ ‘ಯಾವ ಪಾರ್ಟ್ ಬದಲಾಯಿಸ್ಲಿ’ ಅಂತ ಕೇಳೋದೇ ತಪ್ಪು ಅಂತೀನಿ ನಾನು. ಯಾವುದನ್ನ ಅಳೆದು ನೋಡಿದಾರೆ ಅಂತ ಮೆಕ್ಯಾನಿಕ್ಕನ್ನ ಕೇಳಿ. ಟರ್ಬೋ ಹೋಗಿದೆ ಅಂದ್ರೆ ಪೈಪ್ ಬಿಚ್ಚಿ ಟರ್ಬೋ ರೆಕ್ಕೆ ಕೂತಿರೋ ಶಾಫ್ಟ್ ಅಲ್ಲಾಡಿಸಿ ತೋರಿಸ್ಲಿ, ಪಕ್ಕಕ್ಕೆ ಒಂಚೂರು ಅಲ್ಲಾಡೋದು ಸಹಜ, ಹಿಂದೆ ಮುಂದೆ ಆಡಿದ್ರೆ ಅಥವಾ ರೆಕ್ಕೆ ಗೋಡೆಗೆ ಉಜ್ಜಿದ ಗುರುತು ಇದ್ರೆ ಆಗ ಮಾತ್ರ ಒಪ್ಕೊಳ್ಳಿ. ಅದಕ್ಕೂ ಮೊದ್ಲು, ಏರಲ್ಲಿ ಆರ್‌ಪಿಎಂ ಏರಿ ಸ್ಪೀಡ್ ಏರದಿದ್ರೆ ಅದು ಕ್ಲಚ್ಚು, ಇಂಜಿನ್ ಅಲ್ಲ. ಓಡಿಸಿ ಬಂದ ಮೇಲೆ ಒಂದು ಚಕ್ರದ ಹತ್ರ ಮಾತ್ರ ಕಾವು ಜಾಸ್ತಿ ಹೊಡೀತಿದ್ರೆ ಬ್ರೇಕ್ ಹಿಡ್ಕೊಂಡಿದೆ. ಏರ್ ಫಿಲ್ಟರ್ ಡಬ್ಬಿ ನೀವೇ ತೆಗ್ದು ನೋಡಿ, ಇಲಿ ಗೂಡು ಕಟ್ಟಿರೋ ಗಾಡಿಗಳನ್ನ ನಾನೇ ಎರಡು ನೋಡಿದೀನಿ. ಹೊಗೆಯಲ್ಲಿ ಒಂದಿಷ್ಟನ್ನ ವಾಪಸ್ ಇಂಜಿನ್ನಿಗೆ ಬಿಡೋ ಇಜಿಆರ್ ವಾಲ್ವ್ ಮಸಿ ಕಟ್ಟಿ ತೆರೆದೇ ಉಳಿದ್ರೂ ಹೀಗೇ ಎಳೆಯಲ್ಲ, ಪೈಪ್ ಸರಿ ಇದ್ರೆ ಅದನ್ನ ನೋಡ್ಸಿ.

ಯಾರೋ ರೀಮ್ಯಾಪ್ (ಪವರ್ ಜಾಸ್ತಿ ಬರೋ ಹಂಗೆ ಇಸಿಯು ಪ್ರೋಗ್ರಾಂ ಬದಲಾಯಿಸೋದು) ಮಾಡಿಸಿ ಅಂದ್ರು ಅಂತಾನೂ ಬರ್ದಿದೀರಿ. ಖಂಡಿತ ಬೇಡ. ಸೋರೋ ಪೈಪಿಗೆ ಇನ್ನೂ ಜಾಸ್ತಿ ಒತ್ತಡ ಕೊಟ್ರೆ, ಕಮ್ಮಿ ಬಿದ್ದಿದ್ದನ್ನ ತುಂಬ್ಸೋಕೆ ಟರ್ಬೋ ಇನ್ನೂ ಜೋರಾಗಿ ತಿರುಗಿ ನಿಜವಾಗ್ಲೂ ಹೋಗ್ಬಿಡತ್ತೆ. ಮಾರೋದೂ ಬೇಡ, ಎರಡು ಸಾವಿರದ ಪೈಪಿಗೆ ಲಕ್ಷ ಕಳ್ಕೊಂಡು ಇನ್ನೊಬ್ರ ಮನೇವ್ರನ್ನ ಘಾಟೀಲಿ ನಿಲ್ಲಿಸೋದು ನಂಗೆ ಸರಿ ಅನ್ಸಲ್ಲ.

ನಿಮ್ಮದು 2015ರ ಗಾಡಿ ಅಂದ್ರೆ ಸ್ಕ್ಯಾನರ್ ಚುಚ್ಚೋ ಓಬಿಡಿ ಸಾಕೆಟ್ ಸ್ಟೇರಿಂಗ್ ಕೆಳಗೇ ಇರತ್ತೆ. ಸಾವಿರ ರೂಪಾಯಿ ಒಳಗೆ ಬ್ಲೂಟೂತ್ ಅಡಾಪ್ಟರ್ ಸಿಗತ್ತೆ, ಮೊಬೈಲಿಗೆ ಕನೆಕ್ಟ್ ಮಾಡಿ ಮ್ಯಾನಿಫೋಲ್ಡ್ ಪ್ರೆಶರ್, ಅಂದ್ರೆ ಇಂಜಿನ್ನಿಗೆ ಹೋಗೋ ಗಾಳಿಯ ಒತ್ತಡ, ನೋಡಿ. ಇಂಜಿನ್ ಸ್ಟಾರ್ಟ್ ಮಾಡದೇ ಕೀ ಆನ್ ಮಾಡಿದ್ರೆ ಸುತ್ತಲಿನ ಗಾಳಿಯ ಒತ್ತಡ ತೋರಿಸತ್ತೆ, ಮಂಗಳೂರಲ್ಲಿ 101ರ ಹತ್ರ, ಹಾಸನದಲ್ಲಿ 90ರ ಹತ್ರ ಕಿಲೋಪಾಸ್ಕಲ್. ಆಮೇಲೆ ಪಕ್ಕದಲ್ಲಿ ಒಬ್ರನ್ನ ಕೂರಿಸ್ಕೊಂಡು, ಅವ್ರು ಓದ್ಲಿ, ನೀವು ರೋಡ್ ನೋಡಿ, ಮೂರನೇ ಗೇರಲ್ಲಿ ಏರು ಹತ್ತಿ. ನಂದು ಪೈಪ್ ಹರಿದಿದ್ದಾಗ 120 ದಾಟ್ತಿರ್ಲಿಲ್ಲ, ಹಾಕ್ಸಿದ ಮೇಲೆ 210 ಬಂತು. ಬರೀ ಕೀ ಆನ್ ಮಾಡಿದಾಗ ಬಂದಿದ್ದು, ಏರಲ್ಲಿ ಬಂದಿದ್ದು, ನಿಮ್ಮ ಈ ಎರಡು ನಂಬರ್ ಇಲ್ಲೇ ಬರೀರಿ, ಪೈಪಿನ ಕೆಳಗಿನ ಬೆಂಡಿಂದು ಒಂದು ಫೋಟೋನೂ ಹಾಕಿ, ನೋಡಿ ಹೇಳ್ತೀನಿ.