ರಾತ್ರಿ ಎರಡಕ್ಕೆ ಅಂದರೆ ಎರಡಕ್ಕೇ ಅಲ್ಲ

ಪ್ರಶ್ನೆ: ಹವಾಮಾನ ವಿಷಯದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ದಿನಾ ರಾತ್ರಿ ಎರಡಕ್ಕೆ ಹಿಂದಿನ ದಿನದ ಮಳೆ ಡೇಟಾ ಇಳಿಸಿಕೊಂಡು ಲೆಕ್ಕ ಹಾಕುವ ಸ್ಕ್ರಿಪ್ಟ್ ನಮ್ಮ ವಿಭಾಗದ ಕ್ಲಸ್ಟರ್‌ನಲ್ಲಿ (ಒಟ್ಟಿಗೆ ದುಡಿಯುವ ಕಂಪ್ಯೂಟರ್‌ಗಳ ಗುಂಪು) ಓಡಬೇಕು. ಅಲ್ಲಿ ಕೆಲಸ ಹಂಚಲು ಸ್ಲರ್ಮ್ ಎಂಬ ತಂತ್ರಾಂಶ ಇದೆ. ಮೊದಲು ಲಾಗಿನ್ ನೋಡ್‌ನಲ್ಲಿ (ಎಲ್ಲರೂ ಮೊದಲು ಒಳಬರುವ ಕಂಪ್ಯೂಟರ್) ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಕ್ರಾನ್ ಹಾಕಿದ್ದೆ, ಅಡ್ಮಿನ್ ಬೈದು ತೆಗೆಸಿದರು. ಆಮೇಲೆ ಸೀನಿಯರ್ ಒಬ್ಬರು ಹೇಳಿದಂತೆ, ಸ್ಕ್ರಿಪ್ಟ್‌ನ ಕೊನೇ ಸಾಲಿನಲ್ಲಿ ಅದೇ ಸ್ಕ್ರಿಪ್ಟನ್ನು ಮತ್ತೆ ಎಸ್‌ಬ್ಯಾಚ್ ಮಾಡಿದೆ, ಅಂದರೆ ಸ್ಲರ್ಮ್‌ನ ಸರದಿಗೆ ಸೇರಿಸಿದೆ. ಒಂದು ರಾತ್ರಿ ನೆಟ್ ಹೋಗಿ ಜಾಬ್ ಅರ್ಧಕ್ಕೇ ಸತ್ತಿತು. ಸರಪಳಿ ಕಡಿಯಿತು. ನನಗೆ ಗೊತ್ತಾಗಿದ್ದು ಮೂರು ವಾರದ ಮೇಲೆ, ಗೈಡ್ ಗ್ರಾಫ್ ಕೇಳಿದಾಗ. ಸರಿಯಾದ ದಾರಿ ಯಾವುದು ಸರ್?
— ಸಂಶೋಧನಾ ವಿದ್ಯಾರ್ಥಿನಿ, ಧಾರವಾಡ

ಉತ್ತರ: ಅಡ್ಮಿನ್ ಮೇಲೆ ಸಿಟ್ಟು ಬೇಡಮ್ಮ. ಲಾಗಿನ್ ನೋಡ್ ಅಂದರೆ ಮನೆಯ ಜಗಲಿ ಇದ್ದಂತೆ. ಎಲ್ಲರೂ ಅಲ್ಲೇ ಬಂದು ಕೂರುತ್ತಾರೆ. ಅಲ್ಲಿ ಒಬ್ಬರು ಭತ್ತ ಕುಟ್ಟಲು ಶುರು ಮಾಡಿದರೆ ಉಳಿದವರಿಗೆ ಮಾತಾಡಲೂ ಆಗುವುದಿಲ್ಲ.

ಕ್ರಾನ್ ಹಳೇ ಕಾಲದ್ದು. 1979ರ ಯುನಿಕ್ಸ್ ಏಳನೇ ಆವೃತ್ತಿಯಲ್ಲೇ ಇತ್ತು. ಗಡಿಯಾರ ನೋಡುತ್ತದೆ, ಹೊತ್ತಾದರೆ ಕೆಲಸ ಶುರು ಮಾಡುತ್ತದೆ. ಯಂತ್ರದಲ್ಲಿ ಜಾಗ ಇದೆಯಾ, ನಿನ್ನೆಯ ಕೆಲಸ ಮುಗಿದಿದೆಯಾ, ಒಂದನ್ನೂ ಕೇಳುವುದಿಲ್ಲ. ಸ್ಲರ್ಮ್ ಹಾಗಲ್ಲ. ಅದು ಸರದಿ ನೋಡಿ ಕೆಲಸ ಹಂಚುತ್ತದೆ. ಇವೆರಡನ್ನೂ ಸೇರಿಸಿದ ಸಾಧನ ಸ್ಲರ್ಮ್‌ನಲ್ಲೇ ಇದೆ. ಹೆಸರು ಸ್ಕ್ರಾನ್‌ಟ್ಯಾಬ್. 2020ರ ನವೆಂಬರ್‌ನ 20.11 ಆವೃತ್ತಿಯಲ್ಲಿ ಬಂತು. ಅಡ್ಮಿನ್ ಸ್ಲರ್ಮ್‌ನ ಕಾನ್ಫಿಗ್ ಫೈಲಿನಲ್ಲಿ ಒಂದು ಸಾಲು ಸೇರಿಸಿ ಅದನ್ನು ಆನ್ ಮಾಡಿರಬೇಕು. ಮೊದಲು ಅದನ್ನು ಕೇಳಿ.

ಆನ್ ಆಗಿದ್ದರೆ ಕ್ರಾನ್‌ಟ್ಯಾಬ್ (ಕ್ರಾನ್‌ನ ಕೆಲಸದ ಪಟ್ಟಿ) ತೆರೆದಂತೆಯೇ ಇದನ್ನೂ ತೆರೆದು ಬರೆಯಬಹುದು. ಅವೇ ಐದು ಮನೆಗಳು: ನಿಮಿಷ, ಗಂಟೆ, ತಾರೀಖು, ತಿಂಗಳು, ವಾರ. ಎಷ್ಟು ಹೊತ್ತು ಬೇಕು, ಯಾವ ಪಾರ್ಟಿಷನ್ (ಕ್ಲಸ್ಟರ್‌ನ ಯಾವ ಭಾಗ) ಬೇಕು ಎಂಬುದನ್ನೆಲ್ಲ ಆ ಸಾಲಿನ ಮೇಲೆ, ಹ್ಯಾಶ್ ಹಾಕಿ ಎಸ್‌ಕ್ರಾನ್ ಎಂದು ಶುರುವಾಗುವ ಸಾಲುಗಳಲ್ಲಿ ಹೇಳಬೇಕು. ಈ ಸಾಲುಗಳು ಕೆಳಗಿನ ಒಂದೇ ಒಂದು ಕೆಲಸಕ್ಕೆ ಅನ್ವಯ. ಎರಡನೇ ಕೆಲಸ ಸೇರಿಸಿದರೆ ಮತ್ತೆ ಬರೆಯಬೇಕು. ಮೇಲೆ ಒಮ್ಮೆ ಬರೆದಿದ್ದೇನಲ್ಲ ಅಂದುಕೊಂಡು ಮೋಸ ಹೋಗುವವರು ಜಾಸ್ತಿ.

ಸಮಯಕ್ಕೆ ಅಡ್ಡಹೆಸರುಗಳೂ ಇವೆ. ಅಟ್ ಚಿಹ್ನೆಯ ಜೊತೆ ಟೀಟೈಮ್ ಎಂದರೆ ಸಂಜೆ 4 ಗಂಟೆ, ಫಿಕಾ ಎಂದರೆ ಮಧ್ಯಾಹ್ನ 3. ಫಿಕಾ ಅಂದರೆ ಸ್ವೀಡನ್ನರ ಕಾಫಿ ವಿರಾಮ. ನಮ್ಮ ಬೆಳಗಿನ ಫಿಲ್ಟರ್ ಕಾಫಿಯನ್ನು ಮಾತ್ರ ಯಾರೂ ಸೇರಿಸಿಲ್ಲ!

ಈಗ ಮುಖ್ಯ ವಿಷಯ. ಸ್ಕ್ರಾನ್‌ಟ್ಯಾಬ್‌ನಲ್ಲಿ 0 2 * * * ಎಂದು ಬರೆದರೆ, ಕೆಲಸ ಎರಡಕ್ಕೆ ಶುರುವಾಗುತ್ತದೆ ಎಂದಲ್ಲ. ಎರಡಕ್ಕಿಂತ ಮೊದಲು ಶುರುವಾಗುವುದಿಲ್ಲ ಎಂದು. ಕ್ಲಸ್ಟರ್ ತುಂಬಿದ್ದರೆ ನಾಲ್ಕಾಗಬಹುದು, ಆರಾಗಬಹುದು. ಇವತ್ತಿನದು ಮುಗಿಯದೆ ಮುಂದಿನದು ಶುರುವಾಗುವುದಿಲ್ಲ. ಒಂದರ ಮೇಲೊಂದು ಬೀಳುವುದಿಲ್ಲ ಎಂಬುದು ಒಳ್ಳೆಯದೇ. ಆದರೆ ಒಂದು ದಿನ ಜಾಬ್ ಸಿಕ್ಕಿಹಾಕಿಕೊಂಡರೆ ಮರುದಿನದ್ದೂ ನಿಂತಂತೆಯೇ. ಹಾಗಾಗಿ ಟೈಮ್ ಲಿಮಿಟ್ ಬಿಗಿಯಾಗಿ ಹಾಕಿ. ನಲವತ್ತು ನಿಮಿಷದ ಕೆಲಸಕ್ಕೆ ಒಂದೂವರೆ ಗಂಟೆ ಕೊಡಿ, ಸಾಕು. ಶುರುವಿನ ಸಮಯವೂ ಸರಿಯಾಗಿ ಎರಡು ಬೇಡ, 2:17 ಎನ್ನಿ. ದುಂಡು ಸಮಯವನ್ನು ಎಲ್ಲರೂ ಹಾಕಿರುತ್ತಾರೆ.

ಸಮಯ ಹೀಗೆ ಜಾರುತ್ತದೆ ಅಂದಮೇಲೆ, ಸ್ಕ್ರಿಪ್ಟ್ ಒಳಗೆ 'ನಿನ್ನೆಯ ಡೇಟಾ ತಾ' ಎಂದು ಬರೆಯುವುದೇ ತಪ್ಪು. ಕ್ಲಸ್ಟರ್ ರಿಪೇರಿಗೆ ಎರಡು ದಿನ ಮುಚ್ಚಿದರೆ ಆ ಎರಡು ದಿನದ್ದು ಹೋಯಿತು, ತಪ್ಪಿದ್ದನ್ನು ಯಾರೂ ಮತ್ತೆ ಓಡಿಸುವುದಿಲ್ಲ. ಬದಲಿಗೆ ಹೀಗೆ ಮಾಡಿ: ಕಳೆದ ಮೂವತ್ತು ದಿನದ ತಾರೀಖುಗಳನ್ನು ಒಂದೊಂದಾಗಿ ನೋಡಿ, ಯಾವ ದಿನದ ಫೈಲ್ ಇಲ್ಲವೋ ಅದನ್ನು ಮಾತ್ರ ಇಳಿಸಿಕೊಳ್ಳಲಿ. ಇಳಿಸುವಾಗ ಹೆಸರಿನ ಕೊನೆಗೆ 'ಅರ್ಧ' ಅಂತಲೋ ಏನೋ ಒಂದು ಬಾಲ ಇರಲಿ. ಪೂರ್ತಿ ಇಳಿದು, ಪರೀಕ್ಷೆ ಮುಗಿದ ಮೇಲೆ ಹೆಸರು ಬದಲಿಸಿ. ಆಗ ನೆಟ್ ಮಧ್ಯದಲ್ಲಿ ಹೋದರೂ ಅರೆಬೆಂದ ಫೈಲು ಪೂರ್ತಿ ಫೈಲಿನ ವೇಷ ಹಾಕುವುದಿಲ್ಲ. ಮೂರು ವಾರ ನಿಂತಿದ್ದರೂ ಒಮ್ಮೆ ಓಡಿಸಿದರೆ ಎಲ್ಲ ತುಂಬಿಕೊಳ್ಳುತ್ತದೆ. ನನ್ನ ಕೇಳಿದರೆ, ಸ್ಕ್ರಾನ್‌ಟ್ಯಾಬೋ ಕ್ರಾನೋ ಎಂಬುದಕ್ಕಿಂತ ಇದೇ ದೊಡ್ಡದು.

ಇನ್ನು ನಿಂತಿದ್ದು ಗೊತ್ತಾಗುವ ಬಗೆ. ಜಾಬ್ ಫೇಲ್ ಆದರೆ ಮೇಲ್ ಬರುವಂತೆ ಹಾಕಬಹುದು, ಹಾಕಿ. ಆದರೆ ಶುರುವೇ ಆಗದ ಜಾಬ್ ಫೇಲ್ ಆಗುವುದೂ ಇಲ್ಲ, ಅಲ್ವಾ? ನಿಮ್ಮ ಮೂರು ವಾರ ಹೋಗಿದ್ದು ಹೀಗೇ. ಮೊದಲ ರಾತ್ರಿ ಒಂದು ಮೇಲ್ ಬಂದಿರುತ್ತಿತ್ತು, ಆಮೇಲಿನ ಇಪ್ಪತ್ತು ರಾತ್ರಿ ಮೌನ. ಅದಕ್ಕೆ ಸ್ಕ್ರಿಪ್ಟ್ ಸರಿಯಾಗಿ ಮುಗಿದಾಗ ಒಂದು ಖಾಲಿ ಫೈಲನ್ನು ಟಚ್ ಮಾಡಿಸಿ, ಅಂದರೆ ಅದರ ಸಮಯ ಹೊಸದಾಗಲಿ. ನೀವು ಲಾಗಿನ್ ಆದಾಗಲೆಲ್ಲ ಆ ಫೈಲಿಗೆ ಎಷ್ಟು ವಯಸ್ಸಾಯಿತು ಎಂದು ಬ್ಯಾಶ್‌ಆರ್‌ಸಿಯಲ್ಲಿ (ಶೆಲ್ ತೆರೆದಾಗ ತಾನೇ ಓಡುವ ಫೈಲು) ಎರಡು ಸಾಲು ನೋಡಲಿ. ಮೂವತ್ತು ಗಂಟೆ ದಾಟಿದ್ದರೆ ಕೂಗಲಿ.

ಎರಡು ಗುಂಡಿಗಳನ್ನು ತೋರಿಸಿಬಿಡುತ್ತೇನೆ, ನಾನೇ ಬಿದ್ದಿದ್ದೇನೆ. ಸ್ಕ್ರಾನ್‌ಟ್ಯಾಬ್ ಜಾಬ್‌ಗೆ ದಿನಾ ಅದೇ ಜಾಬ್ ನಂಬರ್. ಹಾಗಾಗಿ ಔಟ್‌ಪುಟ್ ಫೈಲಿನ ಹೆಸರೂ ಅದೇ, ಇವತ್ತಿನ ಲಾಗ್ ನಿನ್ನೆಯದನ್ನು ಅಳಿಸಿಬಿಡುತ್ತದೆ. ಓಪನ್ ಮೋಡ್ ಅಪೆಂಡ್ ಎಂದು ಹೇಳಿದರೆ ಉಳಿಯುತ್ತದೆ. ಹಳೇ ಓಟಗಳನ್ನು ಎಸ್‌ಅಕೌಂಟ್‌ನಲ್ಲಿ ನೋಡಲು ಡುಪ್ಲಿಕೇಟ್ಸ್ ಆಯ್ಕೆ ಕೊಡಬೇಕು, ಇಲ್ಲದಿದ್ದರೆ ಕೊನೆಯದೊಂದೇ ಕಾಣುತ್ತದೆ. ಎರಡನೆಯದು, ಇವತ್ತೊಂದು ರಾತ್ರಿ ಬೇಡ ಅಂತ ಸುಮ್ನೆ ಸ್ಕ್ಯಾನ್ಸಲ್ (ಜಾಬ್ ರದ್ದು ಮಾಡುವ ಕಮಾಂಡ್) ಹೊಡೆಯಬೇಡಿ. ಸ್ಲರ್ಮ್ ಆ ಸಾಲಿನ ಮುಂದೆ 'ಡಿಸೇಬಲ್ಡ್' ಎಂದು ಬರೆದು ಇಡೀ ಕೆಲಸವನ್ನೇ ಮಲಗಿಸುತ್ತದೆ. ನೀವೇ ಹೋಗಿ ಎಬ್ಬಿಸುವವರೆಗೆ ಏಳುವುದಿಲ್ಲ.

ಅಡ್ಮಿನ್ ಸ್ಕ್ರಾನ್‌ಟ್ಯಾಬ್ ಕೊಡುವುದಿಲ್ಲ ಎಂದರೆ? ಸೀನಿಯರ್ ಹೇಳಿದ ದಾರಿಯೇ ಇರಲಿ, ಆದರೆ ಮತ್ತೆ ಎಸ್‌ಬ್ಯಾಚ್ ಮಾಡುವ ಸಾಲನ್ನು ಕೊನೆಯಿಂದ ಮೊದಲಿಗೆ ತನ್ನಿ. ಮುಂದಿನ ರಾತ್ರಿಯ ಸಮಯ ಬಿಗಿನ್‌ನಲ್ಲಿ ಕೊಡಿ, ಡಿಪೆಂಡೆನ್ಸಿ ಸಿಂಗಲ್ಟನ್ ಸೇರಿಸಿ. ಸಿಂಗಲ್ಟನ್ ಇದ್ದರೆ ಅದೇ ಹೆಸರಿನ ನಿಮ್ಮ ಹಿಂದಿನ ಜಾಬ್ ಮುಗಿಯುವವರೆಗೆ ಮುಂದಿನದು ಕಾಯುತ್ತದೆ. ಇವತ್ತಿನದು ಅರ್ಧಕ್ಕೆ ಸತ್ತರೂ ನಾಳೆಯದು ಆಗಲೇ ಸರದಿಯಲ್ಲಿ ಕೂತಿರುತ್ತದೆ. ಒಂದೇ ಎಚ್ಚರ: ಪರೀಕ್ಷೆಗೆಂದು ಕೈಯಿಂದ ಮತ್ತೊಮ್ಮೆ ಓಡಿಸಿದರೆ ಎರಡು ಸರಪಳಿ ಹುಟ್ಟಿಕೊಳ್ಳುತ್ತವೆ. ಸರದಿ ತೋರಿಸುವ ಎಸ್‌ಕ್ಯೂನಲ್ಲಿ ಒಮ್ಮೆ ನೋಡಿಕೊಳ್ಳಿ.

ಪ್ರಶ್ನೆ: ಆಫೀಸಿನ ಲಿನಕ್ಸ್ ಸರ್ವರ್‌ನಲ್ಲಿ ಪ್ರತಿ ತಿಂಗಳ ಎರಡನೇ ಶನಿವಾರ ಬೆಳಿಗ್ಗೆ ಬ್ಯಾಕಪ್ ಆಗಬೇಕು. ಅವತ್ತು ರಜೆ, ಯಾರೂ ಇರುವುದಿಲ್ಲ. 30 6 8-14 * 6 ಎಂದು ಕ್ರಾನ್‌ನಲ್ಲಿ ಬರೆದೆ. ಎಲ್ಲ ಶನಿವಾರವೂ ಓಡುತ್ತಿದೆ, ಜೊತೆಗೆ 8ರಿಂದ 14ರವರೆಗೆ ದಿನಾ ಓಡುತ್ತಿದೆ! ಎಲ್ಲಿ ತಪ್ಪಿದೆ?
— ಓದುಗರು, ಶಿವಮೊಗ್ಗ

ಉತ್ತರ: ನಿಮ್ಮ ಲೆಕ್ಕ ಸರಿ, ಎರಡನೇ ಶನಿವಾರ 8ರಿಂದ 14ರೊಳಗೇ ಬರುತ್ತದೆ. ಕ್ರಾನ್ ಓದುವ ರೀತಿ ಬೇರೆ. ತಾರೀಖು, ವಾರ ಎರಡನ್ನೂ ತುಂಬಿದರೆ ಅದು 'ಎರಡೂ ಹೊಂದಬೇಕು' ಎಂದು ತಿಳಿಯುವುದಿಲ್ಲ, 'ಯಾವುದಾದರೂ ಒಂದು' ಎನ್ನುತ್ತದೆ.

ವಾರದ ಜಾಗದಲ್ಲಿ ನಕ್ಷತ್ರ ಹಾಕಿ, 30 6 8-14 * * ಎಂದು ಬಿಡಿ. ಸ್ಕ್ರಿಪ್ಟ್‌ನ ಮೊದಲ ಸಾಲಿನಲ್ಲಿ ಇವತ್ತು ಶನಿವಾರವಾ ಎಂದು ನೋಡಿ, ಅಲ್ಲದಿದ್ದರೆ ಹೊರಗೆ ಬನ್ನಿ. ಡೇಟ್ ಕಮಾಂಡಿಗೆ ಪರ್ಸೆಂಟ್ ಯು ಕೊಟ್ಟರೆ ಶನಿವಾರಕ್ಕೆ 6 ಎಂದು ಉತ್ತರ ಬರುತ್ತದೆ. ತಿಂಗಳಿಗೆ ಏಳು ಸಲ ಎದ್ದು, ಆರು ಸಲ ಸುಮ್ಮನೆ ಮಲಗುತ್ತದೆ, ತೊಂದರೆ ಇಲ್ಲ. ಈ ಪರೀಕ್ಷೆಯನ್ನು ಕ್ರಾನ್ ಸಾಲಿನಲ್ಲೇ ತುರುಕಲು ಹೋಗಬೇಡಿ. ಅಲ್ಲಿ ಪರ್ಸೆಂಟ್ ಚಿಹ್ನೆ ಕಂಡರೆ ಕ್ರಾನ್ ಸಾಲು ಮುಗಿಯಿತು ಎಂದುಕೊಳ್ಳುತ್ತದೆ, ಹಿಂದೆ ಬ್ಯಾಕ್‌ಸ್ಲ್ಯಾಶ್ ಇದ್ದರೆ ಮಾತ್ರ ಬಿಡುತ್ತದೆ.