ಜಿಗಿಯುವ ಜೇಡದ ಕೆಂಪು ಮುಖ ಯಾರಿಗಾಗಿ?

ಜಿಗಿಯುವ ಜೇಡಗಳ ಕಣ್ಣು ಹಿಡಿಯೋದು ಅತಿನೇರಳೆ ಮತ್ತು ಹಸಿರು ಮಾತ್ರ, ಹಾಗಿದ್ದರೆ ಗಂಡಿನ ಕೆಂಪು ಮುಖ ಹೆಣ್ಣಿಗೆ ಕಾಣುತ್ತಾ ಅಂತ ಕೇಳಿದ್ದೀರಿ. ನೀವು ಓದಿದ್ದು ಬಹಳಷ್ಟು ಜಾತಿಗಳಿಗೆ ಸರಿ. ಎಲ್ಲಕ್ಕೂ ಅಲ್ಲ.

ಅಮೆರಿಕದ ಅರಿಜೋನಾದಲ್ಲಿ ಹ್ಯಾಬ್ರೊನ್ಯಾಟಸ್ ಪಿರಿಥ್ರಿಕ್ಸ್ ಅನ್ನೋ ಜೇಡ ಇದೆ. ಗಂಡಿಗೆ ಕೆಂಪು ಮುಖ, ಹಸಿರು ಮುಂಗಾಲು. ಹೆಣ್ಣು ಮಾತ್ರ ಮಾಸಲು ಬಣ್ಣ. ಇದರ ಮುಂದಿನ ಎರಡು ದೊಡ್ಡ ಕಣ್ಣುಗಳ ಬಗ್ಗೆ 2015ರಲ್ಲಿ ಒಂದು ಮಜವಾದ ಸಂಗತಿ ಹೊರಬಂತು. ಕೆಂಪು ಬೆಳಕನ್ನು ಹಿಡಿಯೋಕೆ ಅಂತಲೇ ಬೇರೆ ಕೋಶ ಅಲ್ಲಿಲ್ಲ. ಹಸಿರನ್ನು ಹಿಡಿಯುವ ಕೆಲವು ಕೋಶಗಳ ಮುಂದೆ ಕೆಂಪು ಫಿಲ್ಟರ್ ಕೂತಿದೆ, ಅಷ್ಟೇ. ಅದು ಹಸಿರು ಬೆಳಕನ್ನು ತಡೆದು ಕೆಂಪಿನ ಕಡೆಯದನ್ನು ಒಳಗೆ ಬಿಡುತ್ತದೆ. ಎರಡು ಬಣ್ಣದ ಕಣ್ಣು ಸುಲಭದಲ್ಲಿ ಮೂರು ಬಣ್ಣದ್ದಾಯಿತು!

ಆದರೆ ಫಿಲ್ಟರ್ ಬೆಳಕನ್ನು ನುಂಗುತ್ತದೆ ಅಲ್ವಾ? ಹಾಗಾಗಿ ಒಳ್ಳೆ ಬಿಸಿಲು ಬೇಕು. ಅದಕ್ಕೂ ಮುಂಚೆ, 2013ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಇದೇ ಜಾತಿಯ ಕೆಲವು ಗಂಡುಗಳ ಕೆಂಪು ಮುಖಕ್ಕೆ ಬಣ್ಣ ಬಳಿದು ಮುಚ್ಚಿದ್ದರು. ಬಿಸಿಲಲ್ಲಿ ಕೆಂಪು ಕಾಣುತ್ತಿದ್ದ ಗಂಡುಗಳೇ ಹೆಣ್ಣಿನ ಹತ್ತಿರ ಹೋಗೋದರಲ್ಲಿ ಮುಂದಿದ್ದವು. ನೆರಳಲ್ಲಿ ಮುಚ್ಚಿದ್ದರೂ ಬಿಟ್ಟಿದ್ದರೂ ವ್ಯತ್ಯಾಸ ಇರಲಿಲ್ಲ. ನನಗಂತೂ ಇದೇ ಗಟ್ಟಿ ಸಾಕ್ಷಿ.

ಇನ್ನೊಂದು ಮಾತು. ನಮಗೆ ಕಾಣುವ ಬಣ್ಣವನ್ನೇ ನೋಡಿ ಲೆಕ್ಕ ಹಾಕಬೇಡಿ. ಕಾಸ್ಮೊಫೇಸಿಸ್ ಅಂಬ್ರಾಟಿಕಾ ಅನ್ನೋ ಜಾತಿಯಲ್ಲಿ ಗಂಡಿನ ಮೈ ಅತಿನೇರಳೆ ಬೆಳಕನ್ನು ಪ್ರತಿಫಲಿಸುತ್ತದೆ. ಅದನ್ನು ತಡೆದರೆ ಹೆಣ್ಣು ಗಂಡಿನತ್ತ ಅಷ್ಟಾಗಿ ಗಮನ ಕೊಡೋದಿಲ್ಲ.