ಪಕ್ಷ ಬೇಡ, ಪ್ರಶ್ನೆ ಬೇಕು

ಪತ್ರ ಬರೆದ ಓದುಗರಿಗೆ ನಮಸ್ಕಾರ.

ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕಿಲ್ಲ. ಉಳಿದವರಿಗೆ ಗೊತ್ತಾಗಲಿ ಎಂದು ನಿಮ್ಮ ಪತ್ರದ ಸಾರ ಹೇಳಿಬಿಡುತ್ತೇನೆ. ನಿಮ್ಮ ಧರ್ಮಕೇಂದ್ರಕ್ಕೆ, ಅಂದರೆ ನಿಮ್ಮ ಚರ್ಚಿಗೆ, ಸೇರಿದವರಲ್ಲಿ ಗುತ್ತಿಗೆದಾರನ ಕೆಳಗೆ ಕಸ ಗುಡಿಸುವ ಕೆಲಸ ಮಾಡುವ ಕುಟುಂಬಗಳಿವೆ. ಅವರಿಗೆ ಹಲವು ತಿಂಗಳಿಂದ ಸಂಬಳ ಬಂದಿಲ್ಲ. ಸಂತ ವಿನ್ಸೆಂಟ್ ಡಿ ಪೌಲ್ ಸಭೆಯವರು ದಿನಸಿ ಕೊಡುತ್ತಿದ್ದಾರೆ. ಚುನಾಯಿತ ಪ್ರತಿನಿಧಿಯ ಹತ್ತಿರ ಹೋಗಿ ಕೇಳೋಣ ಎಂದು ಯುವಕರು ಹೊರಟರೆ, ಪಾಲನಾ ಸಮಿತಿಯ ಹಿರಿಯರು "ಚರ್ಚಿಗೆ ರಾಜಕೀಯ ತರಬೇಡಿ" ಎಂದು ತಡೆದರು. ಇನ್ನೊಂದು ಗುಂಪಿನವರದು ಬೇರೆಯೇ ವಾದ: ಯಾರಿಗೆ ಓಟು ಹಾಕಬೇಕೆಂದು ಫಾದರ್ ಪ್ರಬೋಧನೆಯಲ್ಲೇ ಹೇಳಿಬಿಡಲಿ. ಇದರ ಮಧ್ಯೆ, ಅದೇ ಪ್ರತಿನಿಧಿ ಸಭಾಭವನದ ಚಾವಣಿಗೆ ದೇಣಿಗೆ ಕೊಡುತ್ತೇನೆ ಎಂದಿದ್ದಾರಂತೆ. ತಗೊಳ್ಳಬಹುದಾ ಎಂದು ಕೊನೆಯಲ್ಲಿ ಕೇಳಿದ್ದೀರಿ.

ಮೊದಲು ಹಿರಿಯರ ಮಾತು. ಅವರ ಭಯ ನನಗೆ ಅರ್ಥವಾಗುತ್ತದೆ, ಆದರೆ ಧರ್ಮಸಭೆಯ, ಅಂದರೆ ಇಡೀ ಕಥೋಲಿಕ ಚರ್ಚಿನ, ಬೋಧನೆ ಅವರ ಕಡೆಗಿಲ್ಲ. ದುಡಿದವರ ಕೂಲಿಯ ಪ್ರಶ್ನೆಯನ್ನು ಪೋಪ್ 13ನೇ ಲಿಯೋ 1891ರಲ್ಲೇ ವಿಶ್ವಪತ್ರ (ಇಡೀ ಧರ್ಮಸಭೆಗೆ ಪೋಪ್ ಬರೆಯುವ ಬೋಧನಾ ಪತ್ರ) ಬರೆದು ಎತ್ತಿದ್ದರು. ನ್ಯಾಯಕ್ಕಾಗಿ ದುಡಿಯುವುದು ಶುಭಸಂದೇಶ ಸಾರುವ ಕೆಲಸದ ಅವಿಭಾಜ್ಯ ಭಾಗ ಎಂದು 1971ರ ಸಿನೋಡ್, ಅಂದರೆ ಧರ್ಮಾಧ್ಯಕ್ಷರ (ಬಿಷಪ್ಪರ) ಸಭೆ, ಹೇಳಿತು. ಪೋಪ್ ಫ್ರಾನ್ಸಿಸ್ 2020ರ ವಿಶ್ವಪತ್ರದಲ್ಲಿ ಕೊಟ್ಟ ಉದಾಹರಣೆ ನಿಮ್ಮ ಸಮಿತಿಗೆ ಸರಿಯಾಗಿ ಹೊಂದುತ್ತದೆ: ಮುದುಕರೊಬ್ಬರನ್ನು ಕೈಹಿಡಿದು ಹೊಳೆ ದಾಟಿಸುವುದು ಪ್ರೀತಿಯ ಕೆಲಸ, ಆ ಹೊಳೆಗೆ ರಾಜಕಾರಣಿ ಸೇತುವೆ ಕಟ್ಟಿಸಿದರೆ ಅದೂ ಪ್ರೀತಿಯ ಕೆಲಸವೇ. ನೀವು ದಿನಸಿ ಕೊಟ್ಟು ದಾಟಿಸುತ್ತಿದ್ದೀರಿ, ಒಳ್ಳೆಯದು. ಆದರೆ ಸಂಬಳ ತಡೆದವನನ್ನು ಯಾರೂ ಕೇಳದಿದ್ದರೆ, ಅವನ ಬಾಕಿಯನ್ನು ನಿಮ್ಮ ಕಾಣಿಕೆ ಡಬ್ಬಿ ತೀರಿಸಿದಂತಾಯಿತು, ಅಲ್ವಾ?

ಇನ್ನು ಓಟಿನ ವಿಷಯ. ಇದು ಖಂಡಿತ ಬೇಡ. ಗುರುಗಳು (ಫಾದರ್‌ಗಳು) ಸರ್ಕಾರಿ ಅಧಿಕಾರ ನಡೆಸುವ ಹುದ್ದೆ ಹಿಡಿಯುವಂತಿಲ್ಲ ಎಂದು 1983ರ ಧರ್ಮಸಭೆಯ ಕಾನೂನು ಸಂಹಿತೆ ಹೇಳುತ್ತದೆ. ಪಕ್ಷಗಳಲ್ಲಿ ಸಕ್ರಿಯವಾಗಿ ಸೇರುವುದನ್ನೂ, ಅಪರೂಪದ ಸಂದರ್ಭ ಬಿಟ್ಟರೆ, ಅದು ತಡೆಯುತ್ತದೆ. ಅನೇಕ ದೇಶಗಳ ಚುನಾವಣಾ ಕಾನೂನು, ತೆರಿಗೆ ಕಾನೂನು ಕೂಡ ಇಲ್ಲಿ ಅಡ್ಡ ಬರುತ್ತವೆ. ಅದೆಲ್ಲ ಬಿಡಿ. ಪೀಠದ ಮುಂದೆ ಕೂತವರಲ್ಲಿ ಎರಡೂ ಪಕ್ಷಕ್ಕೆ ಓಟು ಹಾಕುವವರಿರುತ್ತಾರೆ. ಪ್ರಾಮಾಣಿಕ ಕ್ರೈಸ್ತರು ಒಂದೇ ವಿಷಯದಲ್ಲಿ ಬೇರೆ ಬೇರೆ ತೀರ್ಮಾನಕ್ಕೆ ಬರಬಹುದು, ಆಗ ತನ್ನ ಅಭಿಪ್ರಾಯವೇ ಧರ್ಮಸಭೆಯ ಅಭಿಪ್ರಾಯ ಎಂದು ಯಾರೂ ಹೇಳಿಕೊಳ್ಳಬಾರದು ಎಂದು ಜಗತ್ತಿನ ಧರ್ಮಾಧ್ಯಕ್ಷರೆಲ್ಲ ಸೇರಿದ್ದ ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲೇ ಎಚ್ಚರಿಸಿದೆ. ಅದೇ ಮಹಾಸಭೆ ಇನ್ನೊಂದನ್ನೂ ಹೇಳಿತು: ಮನುಷ್ಯನ ಮೂಲಭೂತ ಹಕ್ಕಿನ ಪ್ರಶ್ನೆ ಬಂದಾಗ ರಾಜಕೀಯ ವಿಷಯದಲ್ಲೂ ನೈತಿಕ ತೀರ್ಪು ಹೇಳುವ ಹಕ್ಕು ಧರ್ಮಸಭೆಗಿದೆ. ಆದ್ದರಿಂದ ಫಾದರ್ ಸಂತ ಯಕೋಬರ ಪತ್ರದ 5ನೇ ಅಧ್ಯಾಯ ಓದಿ, ತಡೆಹಿಡಿದ ಕೂಲಿ ದೇವರಿಗೆ ಮೊರೆಯಿಡುತ್ತದೆ ಎಂದು ಪ್ರಬೋಧನೆ ಮಾಡಲಿ. ಯಾವ ಚಿಹ್ನೆಗೆ ಒತ್ತಬೇಕು ಎಂಬುದನ್ನು ಜನರಿಗೇ ಬಿಡಲಿ.

ಹಾಗಾದರೆ ಮಾಡುವುದು ಹೇಗೆ? ಅಮೆರಿಕದ ಟೆಕ್ಸಸ್ ರಾಜ್ಯದ ಸ್ಯಾನ್ ಆಂಟೋನಿಯೊ ನಗರದ ಕಥೆ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಅಲ್ಲಿ ಮೆಕ್ಸಿಕನ್ ಮೂಲದ ಬಡವರು ಜಾಸ್ತಿ ಇದ್ದ ಬಡಾವಣೆಗಳಲ್ಲಿ ಮಳೆ ಬಂದರೆ ಮನೆಗೆ ನೀರು ನುಗ್ಗುತ್ತಿತ್ತು. 1974ರಲ್ಲಿ ಅಲ್ಲಿನ ಕಥೋಲಿಕ ಧರ್ಮಕೇಂದ್ರಗಳನ್ನು ಬುಡವಾಗಿಟ್ಟುಕೊಂಡು 'ಕಾಪ್ಸ್' ಎಂಬ ಸಂಘಟನೆ ಹುಟ್ಟಿತು. ಸಂಘಟಕ ಅರ್ನೆಸ್ಟೊ ಕೊರ್ಟೆಸ್ ಭಾಷಣ ಮಾಡುವವರನ್ನು ಹುಡುಕಲಿಲ್ಲ. ಚರ್ಚಿನ ಹಬ್ಬಕ್ಕೆ ಓಡಾಡುವವರು, ಶಾಲೆಯ ಪೋಷಕರ ಸಭೆ ನಡೆಸುವವರು, ಇಂಥವರ ಜೊತೆ ಒಬ್ಬೊಬ್ಬರಾಗಿ ಕೂತು ಮಾತಾಡಿದರು. ದೊಡ್ಡ ಸಿದ್ಧಾಂತಗಳ ಮಾತು ಬರಲಿಲ್ಲ. ಚರಂಡಿಯ ಮಾತು ಬಂತು. ಆಮೇಲೆ ಆ ಜನರೇ ಪಾಲಿಕೆಯ ಕಡತ ತೆಗೆಸಿ ನೋಡಿದರು. ಎಷ್ಟೋ ಕಾಮಗಾರಿಗಳಿಗೆ ದಶಕಗಳ ಹಿಂದೆಯೇ ಒಪ್ಪಿಗೆ ಸಿಕ್ಕಿತ್ತು, ಕೆಲಸ ಮಾತ್ರ ಆಗಿರಲಿಲ್ಲ. ನಗರದ ದೊಡ್ಡವರು ಕಿವಿಗೊಡದಾಗ ಸದಸ್ಯರು ಒಂದು ದೊಡ್ಡ ಬ್ಯಾಂಕಿನ ಮುಂದೆ ಸಾಲು ನಿಂತರು. ನೋಟು ಕೊಟ್ಟು ಚಿಲ್ಲರೆ ಕೇಳಿದರು, ಮತ್ತೆ ಚಿಲ್ಲರೆ ಕೊಟ್ಟು ನೋಟು ಕೇಳಿದರು. ಕೌಂಟರುಗಳೆಲ್ಲ ಕಟ್ಟಿಹೋದವು. ಒಂದು ಕಲ್ಲೂ ಬೀಳಲಿಲ್ಲ! ಚರಂಡಿಗಳೂ ಆದವು.

ಇವರಿಂದ ನೀವು ಕಲಿಯಬೇಕಾದದ್ದು ಬ್ಯಾಂಕಿನ ಸಾಲನ್ನಲ್ಲ, ಇವರು ಸಭೆ ನಡೆಸುವ ರೀತಿಯನ್ನು. ಚುನಾವಣೆಗೆ ನಿಂತ ಎಲ್ಲರನ್ನೂ ಕರೆಯುತ್ತಾರೆ. ವೇದಿಕೆಯ ಮೇಲೆ ಬಾಧಿತರೇ ಇರುತ್ತಾರೆ. ಒಬ್ಬ ತಾಯಿ ತನ್ನ ಮನೆಯ ಕಥೆ ಚಿಕ್ಕದಾಗಿ ಹೇಳುತ್ತಾಳೆ. ನಂತರ ಒಂದು ನೇರ ಪ್ರಶ್ನೆ: ಇದನ್ನು ಮಾಡುತ್ತೀರಾ, ಇಲ್ಲವಾ? ಅಭ್ಯರ್ಥಿಗೆ ಗಡಿಯಾರ ನೋಡಿ ಸಮಯ. ಭಾಷಣ ಶುರು ಮಾಡಿದರೆ ನಿಲ್ಲಿಸುತ್ತಾರೆ. ಕೊಟ್ಟ ಉತ್ತರ ಎಲ್ಲರಿಗೂ ಕಾಣುವಂತೆ ಬರೆದಿಡುತ್ತಾರೆ. ಯಾರನ್ನೂ ಬೆಂಬಲಿಸುವುದಿಲ್ಲ, ಹಾರ ಹಾಕುವುದಿಲ್ಲ. ಗೆದ್ದವರನ್ನು ಮತ್ತೆ ಕರೆದು ಹಳೇ ಉತ್ತರ ತೋರಿಸುತ್ತಾರೆ. ಧರ್ಮಕೇಂದ್ರಕ್ಕಿರುವ ನಿಜವಾದ ಬಲ ಇದೇ. ಪಕ್ಷದವರು ಬದಲಾಗುತ್ತಾರೆ, ಅಧಿಕಾರಿಗಳು ವರ್ಗವಾಗಿ ಹೋಗುತ್ತಾರೆ. ನಿಮ್ಮ ಜನ ಮುಂದಿನ ಭಾನುವಾರವೂ ಅದೇ ಬೆಂಚಿನ ಮೇಲೆ ಇರುತ್ತಾರೆ. ಹೇಳಿದ ಮಾತನ್ನು ನೆನಪಿಟ್ಟು ಮತ್ತೆ ಮತ್ತೆ ಕೇಳಲು ಅಷ್ಟು ಸಾಕು.

ಆದರೆ ಕೈಯಲ್ಲಿ ವಿವರ ಇಲ್ಲದೆ ಹೋಗಬೇಡಿ. ಎಲ್ ಸಾಲ್ವಡಾರಿನ ಮಹಾಧರ್ಮಾಧ್ಯಕ್ಷ ಆಸ್ಕರ್ ರೊಮೆರೊ ಭಾನುವಾರದ ಪ್ರಬೋಧನೆಯಲ್ಲಿ ಆ ವಾರ ಕೊಲೆಯಾದವರ, ಕಾಣೆಯಾದವರ ಹೆಸರು ಓದುತ್ತಿದ್ದರು. ಅದು ರೇಡಿಯೊದಲ್ಲಿ ದೇಶಕ್ಕೆಲ್ಲ ಕೇಳುತ್ತಿತ್ತು. ಆ ಮಾಹಿತಿ ಸುಮ್ನೆ ಬಂದದ್ದಲ್ಲ, ಧರ್ಮಸಭೆಯ ಕಾನೂನು ನೆರವು ಕಚೇರಿಯವರು ಒಂದೊಂದು ಪ್ರಕರಣವನ್ನೂ ಬರೆದಿಡುತ್ತಿದ್ದರು. 1980ರ ಮಾರ್ಚ್ 24ರಂದು ಬಲಿಪೂಜೆ ಮಾಡುತ್ತಿದ್ದಾಗಲೇ ಅವರನ್ನು ಗುಂಡಿಟ್ಟು ಕೊಂದರು. 2018ರಲ್ಲಿ ಅವರನ್ನು ಸಂತರೆಂದು ಘೋಷಿಸಲಾಯಿತು. ಅವರಷ್ಟು ಬೆಲೆ ತೆರಬೇಕಾದ ಪರಿಸ್ಥಿತಿ ನಿಮ್ಮದಲ್ಲ. ಯಾರಿಗೆ, ಯಾವ ತಿಂಗಳಿಂದ, ಎಷ್ಟು ಬಾಕಿ, ಗುತ್ತಿಗೆದಾರ ಯಾರು, ಒಪ್ಪಂದದಲ್ಲಿ ಏನಿದೆ ಎಂದು ಒಂದು ಪುಸ್ತಕದಲ್ಲಿ ಬರೆಯುವುದು ಕಷ್ಟವಲ್ಲ. ಹೆಸರು ಹೊರಗೆ ಬಂದರೆ ಕೆಲಸ ಹೋಗುತ್ತದೆ ಎಂದು ಹೆದರುವವರಿರುತ್ತಾರೆ. ಅವರನ್ನು ಕೇಳದೆ ಹೆಸರು ಯಾರಿಗೂ ಕೊಡಬೇಡಿ.

ಒಂದು ಮಾತು ನಿಮಗೆ ಹಿಡಿಸದಿರಬಹುದು. ಪ್ರತಿನಿಧಿಯ ಹತ್ತಿರ ಹೋಗುವ ಮೊದಲು ನಿಮ್ಮದೇ ಚರ್ಚಿನ ಲೆಕ್ಕ ನೋಡಿ. ಚರ್ಚು ಗುಡಿಸುವವರಿಗೆ, ಗಂಟೆ ಹೊಡೆಯುವವರಿಗೆ, ಗುರುಗಳ ಮನೆಯ ಅಡುಗೆಯವರಿಗೆ, ಶಾಲೆಯ ಆಯಾಗಳಿಗೆ ಏನು ಕೊಡುತ್ತಿದ್ದೀರಿ? ವಾರದ ರಜೆ ಇದೆಯಾ? ನ್ಯಾಯದ ಬಗ್ಗೆ ಮಾತಾಡುವವರು ಮೊದಲು ಜನರ ಕಣ್ಣಿಗೆ ನ್ಯಾಯವಂತರಾಗಿ ಕಾಣಬೇಕು ಎಂದು ಅದೇ 1971ರ ಸಿನೋಡ್ ಹೇಳಿದೆ, ಧರ್ಮಸಭೆಯ ನೌಕರರ ಸಂಬಳದ ವಿಷಯವನ್ನೂ ಎತ್ತಿದೆ. ಹಿರಿಯರ ಭಯಕ್ಕೆ ಇದೂ ಒಂದು ಕಾರಣವಿರಬಹುದೇನೋ!

ಯುವಕರಿಗೂ ಒಂದು ಮಾತು ಹೇಳಿ. ಫಾದರ್ ಮುಂದೆ ನಡೆಯಲಿ ಎಂದು ಕಾಯಬೇಡಿ. ಸಮಾಜವನ್ನು ಸರಿಮಾಡುವುದು ಮುಖ್ಯವಾಗಿ ಶ್ರೀಸಾಮಾನ್ಯರ, ಅಂದರೆ ಗುರುಗಳಲ್ಲದ ಸಾಮಾನ್ಯ ವಿಶ್ವಾಸಿಗಳ, ಕೆಲಸ ಎಂದು ಪೋಪ್ 16ನೇ ಬೆನೆಡಿಕ್ಟ್ 2005ರಲ್ಲಿ ಬರೆದಿದ್ದಾರೆ. ಧರ್ಮಸಭೆ ಸರ್ಕಾರದ ಜಾಗದಲ್ಲಿ ಕೂರಬಾರದು, ಆದರೆ ನ್ಯಾಯದ ಹೋರಾಟದಲ್ಲಿ ದಡದ ಮೇಲೂ ನಿಲ್ಲಬಾರದು ಎಂಬುದು ಅವರ ನಿಲುವು. ಗುಡಿಸುವವರಲ್ಲಿ ಎಲ್ಲ ಧರ್ಮದವರೂ ಇರುತ್ತಾರಲ್ಲ, ಅವರನ್ನೂ ಅವರ ಸಂಘವನ್ನೂ ಮೊದಲ ದಿನದಿಂದಲೇ ಜೊತೆಗೆ ಸೇರಿಸಿಕೊಳ್ಳಿ. ನಮ್ಮವರಿಗೆ ಮಾತ್ರ ಸಂಬಳ ಕೊಡಿ ಎಂದು ಕೇಳಲು ಹೋದರೆ ಆ ಬೇಡಿಕೆಗೆ ಅರ್ಥವೇ ಇರುವುದಿಲ್ಲ.

ಉಳಿದದ್ದು ಚಾವಣಿಯ ದೇಣಿಗೆ. ಈಗ ಬೇಡ. ಚೆಕ್ ಕೈಗೆ ಬಂದ ಮೇಲೆ, ಕೊಟ್ಟವರ ಮುಂದೆ ನಿಂತು ಮಾಡುತ್ತೀರಾ ಇಲ್ಲವಾ ಎಂದು ಕೇಳಲು ನಾಲಿಗೆ ಏಳುವುದಿಲ್ಲ. ಹಾಗಂತ ಮುಖ ಮುರಿಯುವುದೂ ಬೇಡ. ಸಮಿತಿಯ ಪರವಾಗಿ ವಂದನೆ ತಿಳಿಸಿ ಒಂದು ಪತ್ರ ಬರೆಯಿರಿ. ಸದ್ಯಕ್ಕೆ ಚಾವಣಿಗಿಂತ ಬಾಕಿ ಸಂಬಳದ ಚಿಂತೆ ದೊಡ್ಡದು ಎಂದು ಹೇಳಿ. ಸಭೆಯ ದಿನ, ಸಮಯ ಅದರಲ್ಲೇ ನಮೂದಿಸಿ. ಅದೇ ಆಹ್ವಾನವನ್ನು ಎದುರಾಳಿ ಪಕ್ಷದವರಿಗೂ ಕಳಿಸಲು ಮರೆಯಬೇಡಿ.

— ಸಂಪಾದಕ